ನಮ್ಮ ಹುಡುಗನ ಮುಖಕ್ಕೆ ಸಿನಿಮಾ ಸಿಗುತ್ತಾ ಮೇಷ್ಟ್ರೇ?

ಪ್ರತಿ ವರ್ಷ ಏಪ್ರಿಲ್‌ನಲ್ಲಿ ಸಾಗರದ ಹತ್ತಿರ ಮಕ್ಕಳಿಗೆ ನಾಟಕದ ಶಿಬಿರ ಮಾಡುತ್ತೇನೆ. ಕೊನೇ ದಿನ ನಾಟಕ ಮುಗಿದು, ಹುಡುಗರು ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಣ್ಣ ಒರೆಸಿಕೊಳ್ಳುತ್ತಿರುವಾಗ ಯಾರಾದರೂ ಒಬ್ಬ ಅಮ್ಮ ನನ್ನನ್ನು ಪಕ್ಕಕ್ಕೆ ಕರೆಯುತ್ತಾರೆ. ಮೊದಲು ತೋಟದ ವಿಷಯ, ಮಳೆ ವಿಷಯ, ಆಮೇಲೆ ದನಿ ತಗ್ಗಿಸಿ ಕೇಳುತ್ತಾರೆ. "ಇವನಿಗೆ ಸಿನಿಮಾ ಹುಚ್ಚು ಮೇಷ್ಟ್ರೇ. ಆದ್ರೆ ಬಣ್ಣ ಕಪ್ಪು, ಮುಖದ ತುಂಬಾ ಕಲೆ. ಈ ಮುಖಕ್ಕೆ ಯಾರು ಕೊಡ್ತಾರೆ ಪಾತ್ರ?" ಕೆಲವು ಸಲ ಹುಡುಗರೇ ಕೇಳುತ್ತಾರೆ, ನೆಲ ನೋಡಿಕೊಂಡು. ಹುಡುಗಿಯರು ಕೇಳುವುದು ಇನ್ನೂ ಕಷ್ಟದಿಂದ.

ನನ್ನ ಉತ್ತರ ಯಾವಾಗಲೂ ಒಂದೇ ಹೆಸರು. ಓಂ ಪುರಿ.

ಹೆಸರು ಹೇಳಿದ ಕೂಡಲೇ ಹಿರಿಯರ ಮುಖ ಅರಳುತ್ತದೆ. ಈಗಿನ ಮಕ್ಕಳಿಗೆ ಗೊತ್ತಿರುವುದಿಲ್ಲ. "1999ರ ಎ.ಕೆ. 47 ನೋಡಿದೀಯಾ? ಅದರಲ್ಲಿ ಶಿವಣ್ಣನ ಅಪ್ಪ" ಅಂದರೆ "ಓ, ಅವರಾ!" ಅನ್ನುತ್ತಾರೆ. ಕನ್ನಡದವರಿಗೆ ಅವರು ಮನೆಯೊಳಗೆ ಬಂದದ್ದು ಆ ಬಾಗಿಲಿಂದ. ಆದರೆ ನಾನು ಹೇಳಬೇಕಿರುವ ಕಥೆ ತುಂಬಾ ಹಿಂದಿನದು.

ಅವರು ಹುಟ್ಟಿದ್ದು 1950ರಲ್ಲಿ, ಅಂಬಾಲಾದಲ್ಲಿ. ಅಪ್ಪ ರೈಲ್ವೆಯಲ್ಲಿದ್ದರು. ಸಿಮೆಂಟ್ ಕದ್ದರು ಅಂತ ಆರೋಪ ಬಂದು ಅಪ್ಪನನ್ನು ಹಿಡಿದುಕೊಂಡು ಹೋದಾಗ ಈ ಹುಡುಗನಿಗೆ ಆರು ವರ್ಷ. ಇದ್ದ ಮನೆ ಹೋಯಿತು. ಅಣ್ಣ ಕೂಲಿಗೆ ನಿಂತ, ಇವನು ಚಹಾದಂಗಡಿಯಲ್ಲಿ ಲೋಟ ತೊಳೆಯೋಕೆ ಹೋದ. ರೈಲು ಹಳಿ ಪಕ್ಕ ಬಿದ್ದ ಕಲ್ಲಿದ್ದಲು ಆರಿಸಿ ತರುತ್ತಿದ್ದ. ಮುಖದ ತುಂಬಾ ಸಿಡುಬಿನ ಕಲೆ. ಹೀಗೆ ಬೆಳೆದ ಹುಡುಗ ಪಂಜಾಬಿನಲ್ಲಿ ಓದುತ್ತಾ ನಾಟಕಕ್ಕೆ ಸೇರಿ, ಅಲ್ಲಿಂದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋಗಿ ಇಬ್ರಾಹಿಂ ಅಲ್ಕಾಜಿ ಅವರ ಕೈಯಲ್ಲಿ ಕಲಿತ. ನಾಸಿರುದ್ದೀನ್ ಶಾ ಅಲ್ಲಿ ಇವರ ಸಹಪಾಠಿ. 1973ರಲ್ಲಿ ಕೋರ್ಸ್ ಮುಗಿಯಿತು. ಇಂಗ್ಲಿಷ್ ಬರುತ್ತಿರಲಿಲ್ಲ. ಅದರ ಕೀಳರಿಮೆ ತುಂಬಾ ಇತ್ತು ಅಂತ ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ.

ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್. ಇಲ್ಲಿ ನಮ್ಮವರೊಬ್ಬರು ಕಥೆಯೊಳಗೆ ಬರುತ್ತಾರೆ. ಆಗ, ಅಂದರೆ 1974-75ರಲ್ಲಿ, ಅಲ್ಲಿ ನಿರ್ದೇಶಕರಾಗಿದ್ದವರು ಗಿರೀಶ ಕಾರ್ನಾಡರು. ಪ್ರವೇಶದ ಸಂದರ್ಶನದಲ್ಲಿ ಓಂ ಪುರಿಯವರನ್ನು ನೋಡಿದ ಸಮಿತಿಯವರು, ಈ ಮುಖ ಹೀರೋಗೂ ಆಗಲ್ಲ, ವಿಲನ್‌ಗೂ ಆಗಲ್ಲ, ಕಾಮಿಡಿಗೂ ಆಗಲ್ಲ, ಇಂಥವನಿಗೆ ಸೀಟು ಕೊಟ್ಟು ಏನು ಪ್ರಯೋಜನ ಅಂದರಂತೆ. ಕಾರ್ನಾಡರು ಒಪ್ಪಲಿಲ್ಲ, ಪಟ್ಟು ಹಿಡಿದು ಸೀಟು ಕೊಡಿಸಿದರು. ಸಾಗರದ ಅಮ್ಮಂದಿರು ನನ್ನನ್ನು ಕೇಳುವ ಪ್ರಶ್ನೆ ಇದೇ ಅಲ್ವಾ? ಅದನ್ನು ಐವತ್ತು ವರ್ಷದ ಹಿಂದೆ ಮೇಜಿನ ಆಚೆ ಕೂತವರು ಕೇಳಿದ್ದರು. ಕಾರ್ನಾಡರೂ ಬಿ.ವಿ. ಕಾರಂತರೂ ಸೇರಿ 'ತಬ್ಬಲಿಯು ನೀನಾದೆ ಮಗನೆ'ಯನ್ನು ಹಿಂದಿಯಲ್ಲೂ ಮಾಡಿದಾಗ ಅದರಲ್ಲಿ ಓಂ ಪುರಿಯವರೂ ಇದ್ದರು.

ಈಗ ನಾನು ಮಕ್ಕಳಿಗೆ ತೋರಿಸುವ ಸಿನಿಮಾ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಮೊದಲು 'ಅರ್ಧ್ ಸತ್ಯ'ದ ಹೆಸರು ಹೇಳುತ್ತಾರೆ. ನಾನು ಹೇಳುವುದು 'ಸದ್ಗತಿ'. ಪ್ರೇಮಚಂದರ ಕಥೆ ಇಟ್ಟುಕೊಂಡು ಸತ್ಯಜಿತ್ ರೇ 1981ರಲ್ಲಿ ದೂರದರ್ಶನಕ್ಕಾಗಿ ಮಾಡಿದ ಚಿಕ್ಕ ಸಿನಿಮಾ, ಒಂದು ಗಂಟೆಯೂ ಇಲ್ಲ. ದುಖಿ ಅನ್ನುವ ಚಮ್ಮಾರ ಮಗಳ ನಿಶ್ಚಿತಾರ್ಥಕ್ಕೆ ದಿನ ನೋಡಿಕೊಡಿ ಅಂತ ಊರಿನ ಪಂಡಿತನ ಮನೆಗೆ ಹೋಗುತ್ತಾನೆ. ಜ್ವರ ಬಂದು ಎದ್ದ ಮೈ, ಹೊಟ್ಟೆಗೆ ಏನೂ ಇಲ್ಲ. ಪಂಡಿತ ಬಿಟ್ಟಿ ಕೆಲಸ ಹೇಳುತ್ತಾನೆ. ಅಂಗಳ ಗುಡಿಸು, ಹೊಟ್ಟು ಹೊರು, ಕೊನೆಗೆ ಅಲ್ಲಿ ಬಿದ್ದಿರುವ ಮರದ ದಿಮ್ಮಿ ಒಡೆದು ಸೌದೆ ಮಾಡು ಅಂತ.

ಮಲೆನಾಡಿನವರಿಗೆ ಈ ದೃಶ್ಯ ಬೇರೆ ಥರ ತಟ್ಟುತ್ತದೆ. ಮಳೆಗಾಲಕ್ಕೆ ಮೊದಲು ಸೌದೆ ಕೊಟ್ಟಿಗೆ ತುಂಬಿಸಿದವರು ನಾವು. ಗಂಟಿರುವ ದಿಮ್ಮಿ ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಡಲಿ ಬೀಳುತ್ತದೆ, ಮರ ಅದನ್ನು ವಾಪಸ್ ಎಸೆಯುತ್ತದೆ, ಪೆಟ್ಟು ಮರಕ್ಕೆ ತಾಗದೆ ನಮ್ಮ ಹೆಗಲಿಗೇ ಬಂದು ತಾಗುತ್ತದೆ. ನಮ್ಮಲ್ಲಾದರೆ ಬೆಣೆ ಹೊಡೆದು ಸೀಳುತ್ತೇವೆ, ಒಬ್ಬನಿಗೆ ಆಗದಿದ್ದರೆ ಇನ್ನೊಬ್ಬ ಬರುತ್ತಾನೆ, ಮಧ್ಯದಲ್ಲಿ ಬೆಲ್ಲ ನೀರು ಬರುತ್ತದೆ. ದುಖಿಗೆ ಅದೊಂದೂ ಇಲ್ಲ. ಓಂ ಪುರಿ ಆ ಕೊಡಲಿ ಎತ್ತುವುದನ್ನು ನೋಡಬೇಕು. ಮೊದಲು ಕೈ ಎತ್ತುತ್ತದೆ. ಆಮೇಲೆ ಬೆನ್ನು ಎತ್ತಬೇಕಾಗುತ್ತದೆ. ಕೊನೆಕೊನೆಗೆ ಮೈಯಲ್ಲಿ ಉಳಿದಿರುವುದು ಸಿಟ್ಟು ಮಾತ್ರ, ಆ ಸಿಟ್ಟನ್ನೂ ಪಂಡಿತನ ಮೇಲೆ ತೋರಿಸೋ ಹಾಗಿಲ್ಲ, ಮರದ ಮೇಲೇ ತೋರಿಸಬೇಕು, ಹಾಗೆ ಹೊಡೆದು ಹೊಡೆದು ಅಲ್ಲೇ ಬಿದ್ದು ಸಾಯುತ್ತಾನೆ. ಮುಟ್ಟಬಾರದು ಅಂತ ಪಂಡಿತ ಹೆಣದ ಕಾಲಿಗೆ ಹಗ್ಗ ಸಿಕ್ಕಿಸಿ ಎಳೆದುಕೊಂಡು ಹೋಗುತ್ತಾನೆ. ಆ ದೃಶ್ಯ ಮುಗಿದ ಮೇಲೆ ಶಿಬಿರದಲ್ಲಿ ಯಾವ ಮಗುವೂ ಮಾತಾಡಿದ್ದು ನನಗೆ ನೆನಪಿಲ್ಲ.

ಇಲ್ಲಿ ಬೇರೆ ಮುಖ ಇಟ್ಟು ನೋಡಿ. ನುಣುಪು ಕೆನ್ನೆಯ ಒಬ್ಬ ಸುಂದರ ನಟ ಮೈಗೆ ಕಪ್ಪು ಬಳಿದುಕೊಂಡು ಬಂದಿದ್ದರೆ ನಾವು ನಂಬುತ್ತಿದ್ದೆವಾ? ನನಗನ್ನಿಸುವುದು, ಆರು ವರ್ಷಕ್ಕೇ ಹೊಟ್ಟೆಗಾಗಿ ದುಡಿದ ಮೈಗೆ ಕೆಲಸದ ನೆನಪು ಇರುತ್ತದೆ. ಅದನ್ನು ಯಾವ ನಾಟಕ ಶಾಲೆಯೂ ಪೂರ್ತಿ ಕಲಿಸಲಾರದು. ಶಾಲೆ ಕಲಿಸುವುದು ಆ ನೆನಪನ್ನು ಬೇಕಾದಾಗ ಹೊರಗೆ ತರೋದು ಹೇಗೆ ಅಂತ. ಓಂ ಪುರಿಯವರಲ್ಲಿ ಎರಡೂ ಇದ್ದವು.

1980ರ 'ಆಕ್ರೋಶ್' ಇನ್ನೊಂದು. ಗೋವಿಂದ ನಿಹಲಾನಿಯವರದು. ಹೆಂಡತಿಯನ್ನು ಕೊಂದ ಆರೋಪ ಹೊತ್ತ ಆದಿವಾಸಿ ಲಹಾನ್ಯಾ ಭೀಕು ಸಿನಿಮಾದ ಹೆಚ್ಚಿನ ಭಾಗ ಬಾಯೇ ಬಿಡುವುದಿಲ್ಲ. ವಕೀಲ ಕೇಳುತ್ತಾನೆ, ಬೇಡುತ್ತಾನೆ, ಇವನು ಸುಮ್ನೆ ನೋಡುತ್ತಾನೆ. ಮಾತೇ ಇಲ್ಲದ ಪಾತ್ರದಲ್ಲಿ ಮುಖ ಬಿಟ್ಟರೆ ನಟನ ಹತ್ತಿರ ಇನ್ನೇನಿರುತ್ತದೆ? ಪುಣೆಯಲ್ಲಿ ಬೇಡ ಅಂದ ಅದೇ ಮುಖ. ಕೊನೆಯಲ್ಲಿ ಒಂದು ಕೂಗು ಬರುತ್ತದೆ. ಅದರ ಬಗ್ಗೆ ಹೇಳಲ್ಲ, ನೋಡಿ.

'ಆರೋಹಣ್' ಸಿನಿಮಾದ ಬಂಗಾಳದ ಗೇಣಿ ರೈತನ ಪಾತ್ರಕ್ಕೂ 1983ರ 'ಅರ್ಧ್ ಸತ್ಯ'ದ ಸಬ್ ಇನ್‌ಸ್ಪೆಕ್ಟರ್ ಪಾತ್ರಕ್ಕೂ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. 1990ರಲ್ಲಿ ಪದ್ಮಶ್ರೀ. ನನ್ನ ವಯಸ್ಸಿನವರಿಗೆ ಇವೆಲ್ಲಕ್ಕಿಂತ ಮೊದಲು ನೆನಪಾಗುವುದು ದನಿ. 1988ರಲ್ಲಿ ದೂರದರ್ಶನದಲ್ಲಿ ಶುರುವಾದ ಶ್ಯಾಮ್ ಬೆನಗಲ್ ಅವರ 'ಭಾರತ್ ಏಕ್ ಖೋಜ್'. ಭಾನುವಾರ ಅಣ್ಣ ಹಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸುತ್ತಿದ್ದ, ನಾನು ಕೆಳಗಿಂದ "ಬಂತು, ಹೋಯ್ತು, ಬಂತು" ಅಂತ ಕೂಗುತ್ತಿದ್ದೆ. ಘಟ್ಟದ ಮರೆಯಲ್ಲಿ ಚಿತ್ರ ಎಷ್ಟೋ ಸಲ ಬರೀ ಚುಕ್ಕೆ. ಆದರೆ ದನಿ ನಿಲ್ಲುತ್ತಿರಲಿಲ್ಲ. ಕಥೆ ಹೇಳುವ ಆ ದನಿ ಓಂ ಪುರಿಯವರದು. ಅಶೋಕನೂ ಅವರೇ, ಔರಂಗಜೇಬನೂ ಅವರೇ. ರಾಜನ ಪಾತ್ರಕ್ಕೆ ಈ ಮುಖ ಆಗಲ್ಲ ಅಂತ ಬೆನಗಲ್ ಅವರಿಗೆ ಅನ್ನಿಸಲಿಲ್ಲ ನೋಡಿ.

ಹಾಗಂತ ಮುಖ ಅವರಿಗೆ ಯಾವತ್ತೂ ಅಡ್ಡಿಯಾಗಲಿಲ್ಲ ಅಂತ ನಾನು ಅಮ್ಮಂದಿರಿಗೆ ಸುಳ್ಳು ಹೇಳಲ್ಲ. ದೊಡ್ಡ ಬಜೆಟ್ಟಿನ ಹಿಂದಿ ಸಿನಿಮಾದಲ್ಲಿ ಅವರು ಹೀರೋ ಆಗಲಿಲ್ಲ. ಹೊಸ ಅಲೆಯ ಸಿನಿಮಾಗಳು ಕಡಿಮೆಯಾದ ಮೇಲೆ ಪೊಲೀಸ್, ಮಂತ್ರಿ, ಕಾಮಿಡಿ ಅಂತ ಬಂದದ್ದನ್ನೆಲ್ಲ ಮಾಡಿದರು, ಅವುಗಳಲ್ಲಿ ಎಷ್ಟೋ ಪಾತ್ರಗಳು ಅವರ ಶಕ್ತಿಗೆ ತಕ್ಕವಲ್ಲ. ನೋಡುವಾಗ ನನಗೆ ಸಂಕಟವಾಗುತ್ತಿತ್ತು. ಆದರೆ ಇಂಗ್ಲಿಷ್ ಬರಲ್ಲ ಅಂತ ಕುಗ್ಗಿದ್ದ ಆ ಮನುಷ್ಯ 1992ರಲ್ಲಿ 'ಸಿಟಿ ಆಫ್ ಜಾಯ್'ನಲ್ಲಿ ಕಲ್ಕತ್ತೆಯ ರಿಕ್ಷಾ ಎಳೆಯುವವನಾದರು. 1999ರಲ್ಲಿ 'ಈಸ್ಟ್ ಈಸ್ ಈಸ್ಟ್'ನಲ್ಲಿ ಇಂಗ್ಲೆಂಡಿನಲ್ಲಿ ಅಂಗಡಿ ಇಟ್ಟುಕೊಂಡ ಪಾಕಿಸ್ತಾನಿ ಅಪ್ಪನ ಪಾತ್ರ ಮಾಡಿ, ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಗೆ ನಾಮನಿರ್ದೇಶನ ಪಡೆದರು. 2017ರ ಜನವರಿ 6ರಂದು ಮುಂಬಯಿಯಲ್ಲಿ ತೀರಿಕೊಂಡಾಗ ಅವರಿಗೆ 66 ವರ್ಷ. ಆ ದಿನ ನಾನು ತುಂಬಾ ಅತ್ತೆ.

ಹಾಗಾಗಿ ಅಮ್ಮಂದಿರೇ, ಸಿನಿಮಾ ಸಿಗುತ್ತಾ ಅನ್ನೋದಕ್ಕೆ ಖಾತ್ರಿ ಕೊಡೋಕೆ ನನ್ನಿಂದಾಗಲ್ಲ. ಚೆಂದದ ಮುಖದವರಿಗೂ ಕೊಡೋಕಾಗಲ್ಲ. ನಟನೆ ಬರುತ್ತಾ ಅಂತ ಕೇಳಿ, ಅದಕ್ಕೆ ಉತ್ತರ ಹೇಳುತ್ತೇನೆ. ಮಗನ ಎದುರು ಮಾತ್ರ ಅವನ ಮುಖದ ಮಾತು ಎತ್ತಬೇಡಿ. ಹೆಗ್ಗೋಡು ಇಲ್ಲೇ ಇದೆ, 1980ರಿಂದ ನೀನಾಸಂ ರಂಗಶಿಕ್ಷಣ ಕೇಂದ್ರ ನಡೆಯುತ್ತಿದೆ. ವಯಸ್ಸಿಗೆ ಬಂದ ಮೇಲೆ ಅಲ್ಲಿಗೆ ಅರ್ಜಿ ಹಾಕಲಿ. ಅಲ್ಲೀವರೆಗೆ ಊರಿನ ನಾಟಕ, ಯಕ್ಷಗಾನ ಯಾವುದನ್ನೂ ಬಿಡದೆ ನೋಡಲಿ.

ಈ ಸಲದ ಶಿಬಿರದಲ್ಲಿ 'ಸದ್ಗತಿ' ಮುಗಿದ ಮೇಲೆ ಎಂದಿನಂತೆ ಎಲ್ಲರೂ ಸುಮ್ಮನಿದ್ದರು. ಸಂಜೆ ಒಬ್ಬ ಹುಡುಗ ಬಂದ. ಹದಿನಾಲ್ಕು ವರ್ಷ, ಅಪ್ಪ ಅಡಿಕೆ ಕೊನೆ ಕೊಯ್ಯುವವರು, ಅವನೇ ಮನೆಯ ಸೌದೆ ಒಡೆಯುತ್ತಾನೆ. "ಸರ್, ಅವ್ರು ಕೊಡಲಿ ಎತ್ತೋ ಮುಂಚೆ ಒಂದು ಸಲ ನಿಲ್ತಾರೆ ಅಲ್ವಾ, ಉಸಿರು ಹಿಡ್ಕೊಂಡು? ಜ್ವರ ಬಂದಾಗ ಹಾಗೇ ಆಗೋದು" ಅಂದ. ಆಮೇಲೆ ಖಾಲಿ ಕೈಯಲ್ಲೇ ಎತ್ತಿ ತೋರಿಸಿದ. ಮರುದಿನ ಮುಖ್ಯ ಪಾತ್ರ ಅವನಿಗೆ ಕೊಟ್ಟೆ.