ಖಾಲಿ ಗೋಡೆಗೆ ಯಾಕೆ ಇಷ್ಟು ದುಡ್ಡು?

"ಏನೂ ಇಲ್ಲದ ಗೋಡೆಗೆ ಇಷ್ಟೊಂದು ದುಡ್ಡಾ?" ಮನೆಯ ಒಳಾಂಗಣ ಕೆಲಸದ ಕೊಟೇಶನ್ ಹಾಳೆ ಹಿಡಿದು ಒಬ್ಬ ತಾಯಿ ಕೇಳಿದ್ದು ಈ ವಾರವೆಲ್ಲ ಕಿವಿಯಲ್ಲೇ ಇದೆ. ಮಗನಿಗೆ ಫೋನಿನಲ್ಲಿ ನೋಡಿದಂಥ ಬಿಳಿ ಮನೆ ಬೇಕು, ಕಬೋರ್ಡಿಗೆ ಹ್ಯಾಂಡಲ್ ಕೂಡ ಕಾಣಬಾರದು. ತಾಯಿಗೆ ಶೋಕೇಸು, ಮೈಸೂರು ಶೈಲಿಯ ಕೃಷ್ಣನ ಚಿತ್ರ, ದಸರಾ ಗೊಂಬೆಗಳು ಬೇಕು. "ನಿಂಗೆ ಗೊತ್ತಾಗಲ್ಲ ಬಿಡಮ್ಮ" ಅಂದ ಮಗ. ಖಾಲಿ ಗೋಡೆಗೇ ಕೆಲಸ ಹೆಚ್ಚು ಅನ್ನುವುದು ನಿಜಕ್ಕೂ ಗೊತ್ತಿಲ್ಲದ್ದು ಅವನಿಗೇ.

ಗೋಡೆಯ ಬುಡಕ್ಕೆ ಹಾಕುವ ಸ್ಕರ್ಟಿಂಗ್ ಪಟ್ಟಿ, ಅಂಚಿಗೆ ಹೊಡೆಯುವ ಬೀಡಿಂಗ್ ಪಟ್ಟಿ ಬರೀ ಅಲಂಕಾರವಲ್ಲ, ಗಾರೆ ಕೆಲಸದ ಓರೆಕೋರೆ ಮುಚ್ಚುವುದೂ ಅವೇ. ಅವನ್ನು ತೆಗೆದು ನೆಲದಂಚಿಗೆ 10 ಮಿ.ಮೀ. ಸಂದು ಬಿಟ್ಟರೆ, ಗೋಡೆ 3 ಮಿ.ಮೀ. ಸೊಟ್ಟಗಿದ್ದರೂ ಎದ್ದು ಕಾಣುತ್ತದೆ. ಎರಡು ಮೀಟರಿನ ಅಲ್ಯೂಮಿನಿಯಂ ಪಟ್ಟಿಯನ್ನು ಗೋಡೆಗೆ ಒತ್ತಿ ಹಿಡಿಯಿರಿ. ಹಿಂದೆ ಆ 3 ಮಿ.ಮೀ. ಸಂದು ಕಂಡರೆ, ಬಣ್ಣಕ್ಕೆ ಮುಂಚೆ ಬಳಿಯುವ ಪುಟ್ಟಿಯಿಂದ ಆಗುವ ಕೆಲಸವಲ್ಲ. ದಪ್ಪ ಬಳಿದ ಪುಟ್ಟಿ ಬಿರುಕು ಬಿಡುತ್ತದೆ, ಜಿಪ್ಸಮ್ ಪ್ಲಾಸ್ಟರಿನಿಂದಲೇ ಮಟ್ಟ ಮಾಡಿಸಬೇಕು. ಕಬೋರ್ಡಿನದೂ ಇದೇ ಕಥೆ. ಎತ್ತರದ ಶಟರಿಗೆ, ಅಂದರೆ ಕಬೋರ್ಡಿನ ಬಾಗಿಲಿಗೆ, ಹೊರಗೆ ದಪ್ಪ ಲ್ಯಾಮಿನೇಟ್ ಹಾಳೆ, ಒಳಗೆ ತೆಳುವಾದ ಅಗ್ಗದ ಹಾಳೆ ಅಂಟಿಸಿದರೆ ಬಾಗುವ ಸಂಭವ ಹೆಚ್ಚು. ಆಮೇಲೆ ಶಟರುಗಳ ನಡುವಿನ ಸಂದು ಸರಿಹೋಗುವುದೇ ಇಲ್ಲ. ಕೋಪ ಹಿಂಜಿನ ಮೇಲೆ.

ಖಾಲಿ ಅಂದರೆ ಅಗ್ಗ ಎಂದುಕೊಂಡವರು ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹೆ 1929ರಲ್ಲಿ ಬಾರ್ಸಿಲೋನಾದಲ್ಲಿ ಕಟ್ಟಿದ ಪೆವಿಲಿಯನ್ (ಪ್ರದರ್ಶನ ಮಂಟಪ) ಚಿತ್ರ ನೋಡಬೇಕು. ಸಾಮಾನು ಬೆರಳೆಣಿಕೆಯಷ್ಟು, ಆದರೆ ಗೋಡೆಗಳು ಓನಿಕ್ಸ್ ಎಂಬ ದುಬಾರಿ ಕಲ್ಲು, ಹಸಿರು ಅಮೃತಶಿಲೆ!

ಹಾಗಂತ ತಾಯಿಯ ದಾರಿಯೂ ಸುಲಭದ್ದಲ್ಲ. ಇದ್ದದ್ದನ್ನೆಲ್ಲ ತಂದಿಟ್ಟರೆ ಅದು ಗೋಡೌನು. ಚಿತ್ರಗಳನ್ನು ಮೊದಲು ನೆಲದ ಮೇಲೆ ಜೋಡಿಸಿ ನೋಡಿ. ಗುಂಪಿನ ನಡುಭಾಗ ನೆಲದಿಂದ 145–150 ಸೆಂ.ಮೀ., ಫ್ರೇಮಿಂದ ಫ್ರೇಮಿಗೆ 5–7 ಸೆಂ.ಮೀ. ಇರಲಿ. ಕೃಷ್ಣನ ಅಂಗವಸ್ತ್ರದ ಕೆಂಪು ದಿಂಬಿನಲ್ಲೋ ಜಮಖಾನದಲ್ಲೋ ಮತ್ತೆ ಕಾಣಿಸಿದರೆ ಕಣ್ಣಿಗೆ ದಾರಿ ಸಿಗುತ್ತದೆ. ಬಲ್ಬು 2700–3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ), ಅಂದರೆ ಹಳದಿ ಬೆಳಕಿನದು ಇರಲಿ. 6500ರ ಬೆಳ್ಳನೆ ಬೆಳಕಿನಲ್ಲಿ ಚಿನ್ನದ ರೇಕು, ಹಿತ್ತಾಳೆ ಎರಡೂ ಕಳೆಗುಂದುತ್ತವೆ. ಮಳೆ ಹೊಡೆಯುವ ಹೊರಗೋಡೆಗೆ ವಾಲ್‌ಪೇಪರೂ ಬೇಡ, ಕೃಷ್ಣನೂ ಬೇಡ. ಶೋಕೇಸಿಗೆ ಗಾಜಿನ ಬಾಗಿಲಿರಲಿ, ಇಲ್ಲದಿದ್ದರೆ ಧೂಳು ಒರೆಸುವವರು ಯಾರು? ಆ ಮಗನಂತೂ ಅಲ್ಲ.

ಹಾಲ್ ಖಾಲಿ ಇರಬೇಕು ಅನ್ನುವವರು ಸಾಮಾನು ಎಲ್ಲಿಡುತ್ತೀರಿ ಅಂದರೆ ಸುಮ್ಮನಾಗುತ್ತಾರೆ. ಗೊಂಬೆಗೆ, ಮಡಚುವ ಮೆಟ್ಟಿಲಿಗೆ 60 ಸೆಂ.ಮೀ. ಆಳದ ಲಾಫ್ಟ್ (ಅಟ್ಟ) ಬೇಕೇ ಬೇಕು.

ಕೊನೆಗೆ ತಾಯಿಗೆ ಒಂದು ಗೋಡೆ ಸಿಕ್ಕಿತು. ಮಗ ಕೋವ್ ಲೈಟ್, ಅಂದರೆ ಸೀಲಿಂಗಿನ ಅಂಚಿನಲ್ಲಿ ಅಡಗಿಸಿಡುವ ದೀಪ, ಮಾತ್ರ ಬಿಡಲೊಲ್ಲ. ಗೋಡೆ ಸವರಿಕೊಂಡು ಇಳಿಯುವ ಆ ಬೆಳಕು ಒಂದೊಂದು ಉಬ್ಬನ್ನೂ ತೋರಿಸುತ್ತದೆ. ಬೇಕೇ ಬೇಕೆಂದರೆ ಬಣ್ಣಕ್ಕೆ ಮೊದಲೇ, ಕತ್ತಲಾದ ಮೇಲೆ ಅದನ್ನು ಹಚ್ಚಿ ಉಬ್ಬುತಗ್ಗಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿಸಿ. ಎರಡನೇ ಕೋಟ್ ಆದಮೇಲೆ ಪೇಂಟರ್ ಯಾರ ಮಾತನ್ನೂ ಕೇಳುವುದಿಲ್ಲ.