ಅಮೆರಿಕದ ಕಾಲೇಜು ಫೀಸು: ಹೇಳೋದು ಒಂದು, ಕಟ್ಟೋದು ಇನ್ನೊಂದು

"ಅಲ್ಲಿ ಕಾಲೇಜಿಗೆ ವರ್ಷಕ್ಕೆ 90,000 ಡಾಲರ್ ಆಗುತ್ತಂತೆ, ಹೌದಾ?" ಊರಿಗೆ ಫೋನ್ ಮಾಡಿದಾಗ ಯಾರಾದರೂ ಕೇಳುತ್ತಾರೆ. ಕೆಲವು ಖಾಸಗಿ ಕಾಲೇಜುಗಳಲ್ಲಿ ಊಟ, ಹಾಸ್ಟೆಲ್ ಎಲ್ಲ ಸೇರಿ ಅಷ್ಟಾಗುವುದು ನಿಜ. ಆದರೆ ಅಷ್ಟನ್ನೂ ಎಲ್ಲರೂ ಕಟ್ಟುವುದಿಲ್ಲ. ಒಂದೇ ರೂಮಿನ ಇಬ್ಬರು ಹುಡುಗರ ಲೆಕ್ಕವೇ ಬೇರೆ ಬೇರೆ ಇರುತ್ತದೆ.

ಮಗಳು ಕಾಲೇಜು ಸೇರುವಾಗ ಇದನ್ನೆಲ್ಲ ಹತ್ತಿರದಿಂದ ನೋಡಿದೆ. ಶುರುವಾಗುವುದು ಫಾಫ್ಸಾ ಎಂಬ, ಓದಿಗೆ ನೆರವು ಕೇಳುವ ಇಲ್ಲಿನ ಕೇಂದ್ರ ಸರ್ಕಾರದ ಅರ್ಜಿಯಿಂದ. ಅದಕ್ಕೆ ಶುಲ್ಕ ಇಲ್ಲ. ತುಂಬಿಸಿಕೊಡುತ್ತೇವೆ ಅಂತ ದುಡ್ಡು ಕೇಳುವವರಿದ್ದಾರೆ, ಅವರ ತಂಟೆ ಬೇಡ. ಮನೆಯ ಆದಾಯ ನೋಡಿ ಯಾರಿಗೆ ಎಷ್ಟು ನೆರವು ಅಂತ ತೀರ್ಮಾನ ಆಗುತ್ತದೆ. ಆದರೆ ಇದು ಮುಖ್ಯವಾಗಿ ಪೌರರಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ. ಎಚ್-1ಬಿ ವೀಸಾದಲ್ಲಿ ಬಂದವರ ಮಕ್ಕಳು ಇಲ್ಲೇ ಅಂಗನವಾಡಿ ವಯಸ್ಸಿನಿಂದ ಬೆಳೆದಿದ್ದರೂ, ಗ್ರೀನ್ ಕಾರ್ಡ್ ಬರುವ ತನಕ ಅವರಿಗೆ ಕೇಂದ್ರದ ಒಂದು ಡಾಲರೂ ಇಲ್ಲ. ಅವರಪ್ಪ ಅಮ್ಮ ತೆರಿಗೆ ಮಾತ್ರ ಎಲ್ಲರ ಹಾಗೇ ಕಟ್ಟುತ್ತಾರೆ. ನನಗಂತೂ ಇದು ಅನ್ಯಾಯ ಅನಿಸುತ್ತದೆ.

ಸೀಟು ಸಿಕ್ಕ ಮೇಲೆ ಕಾಲೇಜಿನಿಂದ ನೆರವಿನ ಪತ್ರ ಬರುತ್ತದೆ. ಹುಷಾರಾಗಿ ಓದಬೇಕಾದ್ದು ಅದನ್ನೇ. ಗ್ರಾಂಟು, ಸಾಲ, ಕ್ಯಾಂಪಸ್ ಕೆಲಸದ ಸಂಬಳ, ಮೂರನ್ನೂ ಒಟ್ಟಿಗೆ ಕೂಡಿ ಕೊನೆಗೆ ದೊಡ್ಡ ಮೊತ್ತ ತೋರಿಸುವ ಕಾಲೇಜುಗಳಿವೆ. ಗ್ರಾಂಟು ವಾಪಸ್ ಕೊಡಬೇಕಿಲ್ಲ. ಸಾಲ ಬಡ್ಡಿ ಸಮೇತ ತೀರಿಸಬೇಕು. ಸಂಬಳ ಮಗು ದುಡಿದರೆ ಮಾತ್ರ. ನಾವು ಎಲ್ಲ ಪತ್ರಗಳನ್ನೂ ಹರಡಿಕೊಂಡು ಕೂತೆವು. ಒಟ್ಟು ಖರ್ಚಿನಲ್ಲಿ ಗ್ರಾಂಟು, ಸ್ಕಾಲರ್‌ಶಿಪ್ ಎರಡನ್ನೇ ಕಳೆದೆವು. ಆಗ ನೋಡಿದರೆ, ಅತಿ ಜಾಸ್ತಿ ನೆರವು ತೋರಿಸಿದ್ದ ಕಾಲೇಜೇ ಎಲ್ಲಕ್ಕಿಂತ ದುಬಾರಿ!

ಸಾಲದಲ್ಲೂ ತರಾವರಿ ಇದೆ. ಅಪ್ಪ ಅಮ್ಮನ ಆಸರೆಯಲ್ಲಿರುವ ವಿದ್ಯಾರ್ಥಿಗೆ ಮೊದಲ ವರ್ಷ ಕೇಂದ್ರ ಸರ್ಕಾರದಿಂದ ಸಾಮಾನ್ಯವಾಗಿ 5,500 ಡಾಲರ್ ತನಕ ಸಾಲ ಸಿಗುತ್ತದೆ. ಮನೆಯ ಸ್ಥಿತಿ ನೋಡಿ, ಅದರಲ್ಲಿ 3,500ರ ತನಕ ಓದು ಮುಗಿಯುವವರೆಗಿನ ಬಡ್ಡಿಯನ್ನು ಸರ್ಕಾರವೇ ಕಟ್ಟುತ್ತದೆ. ಉಳಿದದ್ದಕ್ಕೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತದೆ. ಕಂತು ಶುರುವಾಗುವುದು ಓದು ಮುಗಿದ 6 ತಿಂಗಳ ಮೇಲೆ. ಇದು ಸಾಕಾಗದಿದ್ದರೆ ಮಾತ್ರ ಖಾಸಗಿ ಬ್ಯಾಂಕು. ಅಲ್ಲಿ ಸಾಮಾನ್ಯವಾಗಿ ಜಾಮೀನಿಗೆ ಇನ್ನೊಬ್ಬರ ಸಹಿ ಬೇಕು.

ಇನ್ನು ಹೊರಗಿನ ಸ್ಕಾಲರ್‌ಶಿಪ್‌ಗಳು. ಪ್ರಬಂಧ ಬರೆದೂ ಬರೆದೂ ಮಕ್ಕಳು ಸುಸ್ತಾಗುತ್ತಾರೆ. ಕಷ್ಟಪಟ್ಟು 2,000 ಡಾಲರ್ ತಂದರೆ, ಕೆಲವು ಕಾಲೇಜುಗಳು ತಮ್ಮ ಗ್ರಾಂಟಿನಿಂದ ಅಷ್ಟನ್ನೇ ಮುರಿದುಕೊಳ್ಳುತ್ತವೆ. ಬರೆಯೋಕೆ ಕೂರುವ ಮೊದಲೇ ಕಾಲೇಜಿನವರನ್ನು ಕೇಳುವುದು ವಾಸಿ. ಹಾಗೇ, ಮನೆಯಲ್ಲಿ ಯಾರದ್ದಾದರೂ ಕೆಲಸ ಹೋದರೆ ನೆರವನ್ನು ಮತ್ತೆ ಲೆಕ್ಕ ಹಾಕಿ ಅಂತ ಕೇಳಬಹುದು. ನಮ್ಮವರು ಸಂಕೋಚಪಟ್ಟು ಸುಮ್ನೆ ಇದ್ದುಬಿಡುತ್ತಾರೆ.

ಊರಿಂದ ನೇರ ಬರುವ ಮಕ್ಕಳಿಗೆ ಫಾಫ್ಸಾ ಇಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಯಂಥ ಕೆಲವೇ ಕಡೆ ವಿದೇಶಿ ಮಕ್ಕಳಿಗೂ ಮನೆಯ ದುಡ್ಡು ನೋಡದೆ ಸೀಟು ಕೊಟ್ಟು, ಕೊರತೆಯನ್ನು ತುಂಬಿಕೊಡುತ್ತಾರೆ. ಸೀಟು ಸಿಗೋದೇ ಕಷ್ಟ, ಅಷ್ಟೇ. ಪಿಎಚ್‌ಡಿಗಾದರೆ ಫೀಸು ಮನ್ನಾ ಮಾಡಿ ಸಂಬಳವನ್ನೂ ಕೊಡುವ ಕಡೆ ಬಹಳ ಇವೆ. ಎಂಎಸ್‌ಗೆ ಬರುವವರಲ್ಲಿ ಬಹಳ ಮಂದಿ ಸಾಲದ ಮೇಲೇ ಬರುತ್ತಾರೆ. ಓದು ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆಗಿಂತ ಜಾಸ್ತಿ ದುಡಿಯುವಂತಿಲ್ಲ. ಆ ದುಡ್ಡಲ್ಲಿ ದಿನಸಿ ಬರುತ್ತದೆ, ಫೀಸು ಬರುವುದಿಲ್ಲ.