ಮಾರ್ಕರ್‌ನಲ್ಲಿ ಬರೆದ ವೃತ್ತ

ಆವತ್ತು ವಾರ್ಡಿನಿಂದ ತಂದ ಬಾಟಲಿಯಲ್ಲಿ ಪುನರ್ಪುಳಿ ಶರಬತ್ತಿನಂಥ ಕೆಂಪು ನೀರಿತ್ತು. ಶ್ವಾಸಕೋಶದ ಕ್ಯಾನ್ಸರ್ ಇದ್ದ ಹೆಂಗಸೊಬ್ಬರ ಶ್ವಾಸಕೋಶದ ಸುತ್ತ ತುಂಬಿಕೊಂಡಿದ್ದನ್ನು ಆಕೆಗೆ ಉಸಿರಾಡಲು ಸುಲಭವಾಗಲಿ ಅಂತ ಡಾಕ್ಟರ್ ತೆಗೆದಿದ್ದರು. ಆಕೆ ಯಾವತ್ತೂ ಬೀಡಿ ಸಿಗರೇಟು ಮುಟ್ಟಿದವರಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ "ಇದ್ರಿಂದ ಯಾರಿಗಾದ್ರೂ ಉಪಯೋಗ ಆಗತ್ತಾ ಮೇಡಂ?" ಅಂತ ಕೇಳಿದ್ದರು. ಆಗಲಿ ಅಂತಲೇ ಪ್ರಯತ್ನ ಮಾಡ್ತಿದ್ದೀವಿ ಅಮ್ಮ ಎಂದಿದ್ದೆ.

ನಮ್ಮ ಲ್ಯಾಬಿನಲ್ಲಿ ಎಲ್ಲದಕ್ಕೂ ಎ549 ಬಳಸುತ್ತಿದ್ದೆವು. ಅದು 1972ರಲ್ಲಿ ಅಮೆರಿಕದಲ್ಲಿ 58 ವರ್ಷದ ಗಂಡಸೊಬ್ಬರ ಶ್ವಾಸಕೋಶದ ಗಡ್ಡೆಯಿಂದ ಬಂದ ಸೆಲ್ ಲೈನ್, ಅಂದರೆ ಲ್ಯಾಬಿನಲ್ಲಿ ಮತ್ತೆ ಮತ್ತೆ ಬೆಳೆಸಬಹುದಾದ ಕೋಶಗಳ ವಂಶ. ಒಳ್ಳೆಯದೇ. ಆದರೆ ಸಿಗರೇಟು ಸೇದದ ನಮ್ಮ ಹೆಂಗಸರಲ್ಲಿ ಜಾಸ್ತಿ ಕಾಣುವ ಇಜಿಎಫ್ಆರ್ ಎಂಬ ಜೀನಿನ ಬದಲಾವಣೆ ಅದರಲ್ಲಿಲ್ಲ. ಅಲ್ಲಿರುವುದು ಕೆರಾಸ್ ಎಂಬ ಬೇರೆ ಜೀನಿನ ಬದಲಾವಣೆ. ಈ ಕಾಯಿಲೆಗೆ ಕೊಡುವ ಮಾತ್ರೆಯನ್ನು ಅದರ ಮೇಲೆ ಪರೀಕ್ಷಿಸಿ ಏನು ತಿಳಿಯುತ್ತೆ?

ಹಾಗಾಗಿ ಆಕೆಯ ಕೋಶಗಳಿಂದಲೇ ಹೊಸ ಸೆಲ್ ಲೈನ್ ಬೆಳೆಸಲು ಹೊರಟೆ. ನೀರನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ತಳಕ್ಕಿಳಿದ ಕೋಶಗಳನ್ನು ನಾಲ್ಕು ಫ್ಲಾಸ್ಕ್‌ಗಳಿಗೆ ಹಾಕಿ, 37 ಡಿಗ್ರಿಯ ಇನ್‌ಕ್ಯುಬೇಟರ್‌ನಲ್ಲಿ ಇಟ್ಟೆ. ಮೊದಲ ವಾರ ಖುಷಿಯೋ ಖುಷಿ. ಮೂರನೇ ವಾರದ ಹೊತ್ತಿಗೆ ನನಗೆ ಬೇಡವಾದ, ಮಾಮೂಲಿ ಅಂಗಾಂಶದ ಕೋಶಗಳಾದ ಫೈಬ್ರೋಬ್ಲಾಸ್ಟ್‌ಗಳು ಆವರಿಸಿದ್ದವು. ಗದ್ದೆಯಲ್ಲಿ ಭತ್ತಕ್ಕಿಂತ ಕಳೆಯೇ ಎತ್ತರಕ್ಕೆ ಎದ್ದಂತೆ. ಉದ್ದುದ್ದ, ಕದಿರಿನಂತೆ ಚೂಪು, ಸಾಲುಸಾಲಾಗಿ. ಮೂರು ಫ್ಲಾಸ್ಕ್ ಬಿಸಾಡಿದೆ. ನಾಲ್ಕನೆಯದರ ಮೂಲೆಯಲ್ಲಿ ಒತ್ತೊತ್ತಾಗಿ ಕೂತ ಕ್ಯಾನ್ಸರ್ ಕೋಶಗಳ ಒಂದು ಸಣ್ಣ ಗುಂಪು ಕಂಡಿತು. ತಳಕ್ಕೆ ಮಾರ್ಕರ್‌ನಲ್ಲಿ ವೃತ್ತ ಬರೆದೆ.

ಆಮೇಲೆ ಒಂದೂವರೆ ತಿಂಗಳು ಅದೇ ಕೆಲಸ. ತುದಿ ಬಗ್ಗಿಸಿದ ಗಾಜಿನ ಪಿಪೆಟ್‌ನಿಂದ ವೃತ್ತದ ಹೊರಗಿನದನ್ನೆಲ್ಲ ಕೆರೆದು ತೊಳೆಯುವುದು, ಎರಡು ದಿನ ಬಿಟ್ಟು ಮತ್ತೆ ಕೆರೆಯುವುದು. ತಳಕ್ಕಂಟಿದ ಕೋಶಗಳನ್ನು ಬಿಡಿಸುವ ಟ್ರಿಪ್ಸಿನ್ ಹಾಕಿದರೆ ಫೈಬ್ರೋಬ್ಲಾಸ್ಟ್ ಮೊದಲು ಬಿಡುತ್ತದೆ, ಕ್ಯಾನ್ಸರ್ ಕೋಶ ಆಮೇಲೆ. ಆ ಕೆಲವೇ ನಿಮಿಷದ ವ್ಯತ್ಯಾಸ ನನ್ನ ಕೈ ಹಿಡಿಯಿತು. ವೃತ್ತ ಸಾಲದಾದಾಗ ಅಳಿಸಿ ದೊಡ್ಡದು ಬರೆದೆ.

ಹದಿನೈದನೇ ಪ್ಯಾಸೇಜ್‌ಗೆ, ಅಂದರೆ ಹದಿನೈದನೇ ಸಲ ಕೋಶಗಳನ್ನು ಹೊಸ ಫ್ಲಾಸ್ಕ್‌ಗೆ ಹಂಚಿದಾಗ, ಕೋಶ ಯಾರದ್ದೆಂದು ಡಿಎನ್‌ಎಯಿಂದ ಗುರುತಿಸುವ ಎಸ್‌ಟಿಆರ್ ಪರೀಕ್ಷೆಗೆ ಕಳಿಸಿದೆವು. ಹೀಲಾ ಎಂಬ, ವೇಗವಾಗಿ ಬೆಳೆಯುವ ಹಳೆಯ ಸೆಲ್ ಲೈನಿನ ಕೋಶಗಳು ಇನ್ನೊಂದು ಸೆಲ್ ಲೈನಿನೊಳಗೆ ನುಗ್ಗಿ, ವರ್ಷಗಟ್ಟಲೆ ಯಾರಿಗೂ ಗೊತ್ತಾಗದೇ ಇದ್ದ ಉದಾಹರಣೆಗಳಿವೆ. ಆ ಭಯ ನನಗೆ ಬಲವಾಗಿತ್ತು. ರಿಪೋರ್ಟ್ ಆಕೆಯ ರಕ್ತದ ಮಾದರಿಗೆ ಹೊಂದಿತು. ಅಷ್ಟರಲ್ಲಿ ಆಕೆ ತೀರಿಕೊಂಡಿದ್ದರು. ರಿಪೋರ್ಟ್ ಹಿಡಿದು ಮೆಟ್ಟಿಲ ಮೇಲೆ ಸುಮ್ನೆ ಕೂತಿದ್ದೆ.

ಕೋಶಗಳನ್ನು ಹನ್ನೆರಡು ವಯಲ್ ಎಂಬ ಸಣ್ಣ ಸೀಸೆಗಳಿಗೆ ತುಂಬಿ, ಹೆಪ್ಪುಗಟ್ಟಿಸಿಡಲು ದ್ರವ ಸಾರಜನಕಕ್ಕೆ ಇಳಿಸಿದೆ. ಹೆಸರು ಬರೆಯುವಂತಿಲ್ಲ, ಬರೀ ನಂಬರ್. ವಾರ ಕಳೆದು ಒಂದನ್ನು ಕರಗಿಸಿ ಫ್ಲಾಸ್ಕ್‌ಗೆ ಹಾಕಿದೆ. ಮಾರನೇ ದಿನ ಬೆಳಿಗ್ಗೆ, ಚಪ್ಪಲಿ ಕೂಡ ಬದಲಿಸದೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ತಳ ಹಿಡಿದು ಕೂತಿದ್ದವು.